ಗುರುವಾರದ ಮಡಿ

ಬೇಲಿಯಾಚೆ ಬೈಕಿನ ಸ್ಟ್ಯಾಂಡ್ ಹಾಕಿದ ಸಣ್ಣ ಸದ್ದು. ಅಷ್ಟೇ. ಅದಕ್ಕೆ ಮೊದಲು ಎಂಜಿನ್ ಸದ್ದು ಕೇಳಿರಲಿಲ್ಲ. ಸರಿರಾತ್ರಿ ಕಳೆದ ಹೊತ್ತಿನಲ್ಲಿ ಗಾಡಿ ತಳ್ಳಿಕೊಂಡು ಬರುವವರು ಒಳ್ಳೆಯದಕ್ಕೆ ಬರುವುದಿಲ್ಲ ಎಂದು ಗೀತಾಂಜಲಿಗೆ ಗೊತ್ತಿತ್ತು. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದ ಚೌಡಕ್ಕ ಮತ್ತು ರೋಜಿನಾ ಕೈ ನಿಲ್ಲಿಸಿದರು. ಅರಳುವ ಮೊದಲೇ ಬಿಡಿಸಿ, ಬೆಳಕು ಹರಿಯುವಷ್ಟರಲ್ಲಿ ದಾವಣಗೆರೆ ಬಸ್ಸಿಗೆ ಹಾಕಬೇಕಾದ ಹೂವು ಅದು. ತೋಟದ ಯಜಮಾನ, ಗೀತಾಂಜಲಿಯ ಗಂಡ ಬಸವೇಶ್ ಹೊಸಪೇಟೆಗೆ ಹೋಗಿದ್ದ. ತೋಟದಲ್ಲಿ ಇದ್ದವರು ಈ ಮೂವರು ಹೆಂಗಸರೇ.

ಹಿಂದಿನ ಸಂಜೆ ಚಹದಂಗಡಿಯ ಮುಂದೆ ಕೇಳಿದ ಮಾತು ಅವಳ ಕಿವಿಯಲ್ಲಿ ಇನ್ನೂ ಇತ್ತು. ಒಳಗೆ ಟೀವಿಯಲ್ಲಿ ನಾಲ್ಕು ಜನ ಗಡಿಯ ಬಗ್ಗೆ, ನುಸುಳಿ ಬಂದವರ ಬಗ್ಗೆ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕೂಗುತ್ತಿದ್ದರು. ಹೊರಗೆ ಬೆಂಚಿನ ಮೇಲೂ ಅದೇ ನಡೆದಿತ್ತು.

"ಕಡಿಮಿ ಕೂಲಿಗಿ ಬರ್ತಾರ. ನಮ್ಮೋರ ಹೊಟ್ಟಿ ಮ್ಯಾಲ ಹೊಡಿತಾರ."

"ಹಂಗಂದ್ರ ನಿನ್ ಹೇಣ್ತಿನ ಹೊತ್ತು ಮೂಡೂಕ ಮೊದ್ಲ ಹೂ ಬಿಡಿಸಾಕ ಕಳಸ್ಲೇ," ಎಂದು ಎರ್ರೆಪ್ಪಜ್ಜ ಛೇಡಿಸಿದಾಗ ಎಲ್ಲರೂ ನಕ್ಕಿದ್ದರು. ನಗದೆ ಕೂತಿದ್ದ ಒಬ್ಬ ಹುಡುಗ ಹೇಳಿದ್ದ: "ತೋಟದಾಗ ಬಾಂಗ್ಲಾದವ್ರು ಅದಾರಂತ. ಮಾತಾಡಿಸಿದ್ರ ಗೊತ್ತಾಗ್ತತಿ. ಕನ್ನಡ ಬರ್ಲಿಲ್ಲಂದ್ರ ಎತ್ತಿ ಗಾಡಿಗಿ ಹಾಕೋದ." ಹೋದ ತಿಂಗಳು ಹಾಗೆ ಗಾಡಿಗೆ ಹಾಕಿಸಿಕೊಂಡ ಕೂಲಿಯವನೊಬ್ಬನಿಗೆ ಠಾಣೆ ತಲುಪುವಷ್ಟರಲ್ಲಿ ಕೈ ಮುರಿದಿತ್ತು. ಹಾಲು ತರಲು ಹೋಗಿದ್ದ ಗೀತಾಂಜಲಿ ಏನೂ ಕೇಳಿಸದವಳಂತೆ ಮನೆಗೆ ಬಂದಿದ್ದಳು.

ರೋಜಿನಾ ಅಸ್ಸಾಮಿನವಳು. ಹಾಗೆಂದು ಹೇಳಿದ್ದಳು, ಕಾರ್ಡನ್ನೂ ತೋರಿಸಿದ್ದಳು. ಕನ್ನಡ ಇನ್ನೂ ಬಾಯಿಗೆ ಹತ್ತಿರಲಿಲ್ಲ. ಅವಳ ಗಂಡ ಹರಪನಹಳ್ಳಿಯಲ್ಲಿ ಟೈಲ್ಸ್ ಹಾಕುವ ಕೆಲಸದಲ್ಲಿದ್ದ. ಗೀತಾಂಜಲಿ ಅದಕ್ಕಿಂತ ಹೆಚ್ಚು ವಿಚಾರಿಸಿರಲಿಲ್ಲ. ತಿಳಿದುಕೊಂಡರೆ ನಾಳೆ ಯಾರಿಗಾದರೂ ಉತ್ತರ ಹೇಳಬೇಕಾದೀತು ಎಂಬ ಹೆದರಿಕೆ.

ಬೇಲಿಯ ಮುಳ್ಳು ಸರಿಸಿದ ಸದ್ದಾಯಿತು.

"ಈ ಹುಡುಗ್ರು ಇಷ್ಟು ಲಗೂನ ಎದ್ದದ್ದು ಇದ ಮೊದಲು ನೋಡ್ರಿ," ಎಂದು ಚೌಡಕ್ಕ ಪಿಸುಗುಟ್ಟಿದಳು.

ಈ ತೋಟದಲ್ಲಿ ಒಂದು ಪದ್ಧತಿ ಇತ್ತು. ಸೋಮವಾರದ ಮೊದಲ ಬುಟ್ಟಿ ಉಜ್ಜಿನಿಯ ಸ್ವಾಮಿಗೆ. ಅದು ತುಂಬುವ ತನಕ ಬಿಡಿಸುವವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಸಿರು ಹೂವಿಗೆ ತಾಗಬಾರದು, ಒಂದು ಮಾತೂ ಆಡಬಾರದು. ಅಂದು ಗುರುವಾರ. ಗೀತಾಂಜಲಿ ಬುಟ್ಟಿಗೆ ಹೊದಿಸುವ ಒದ್ದೆ ಬಟ್ಟೆಯನ್ನು ಪರ್ರನೆ ಹರಿದು ಇಬ್ಬರ ಬಾಯಿಗೂ ತಾನೇ ಕಟ್ಟಿದಳು. ರೋಜಿನಾಳ ಕಣ್ಣು ಏನೆಂದು ಕೇಳಿತು. ಗೀತಾಂಜಲಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಅವಳ ಕೈಯನ್ನು ಹಿಡಿದು ಮತ್ತೆ ಗಿಡದ ಮೇಲಿಟ್ಟಳು.

ಮೂರು ಟಾರ್ಚುಗಳು ಸಾಲಿನೊಳಗೆ ಬಂದವು. ಕಣ್ಣಿಗೆ ಹೊಡೆಯುವ ಬೆಳಕಿನಲ್ಲಿ ಹಿಡಿದವರ ಮುಖ ಕಾಣುತ್ತಿರಲಿಲ್ಲ.

"ಅಕ್ಕಾರ, ನೀವು ಹೆದರಬ್ಯಾಡ್ರಿ. ಊರಿನ ಕೆಲ್ಸಕ್ಕ ಬಂದೀವಿ. ಚೌಡಕ್ಕ ಗೊತ್ತು. ಈಕಿ ಯಾರು?"

"ನಮ್ಮ ಕೆಲಸದಾಕಿ."

"ಆಕಿ ಬಾಯಿಲೇ ಹೇಳ್ಲಿ. ಏನವಾ, ನಿಮ್ಮೂರು ಯಾವ್ದು?"

ರೋಜಿನಾಳ ಬೆರಳುಗಳು ಮೊಗ್ಗು ಕೀಳುತ್ತಲೇ ಇದ್ದವು. ಕಿತ್ತದ್ದರಲ್ಲಿ ಅರ್ಧ ನೆಲಕ್ಕೆ ಬೀಳುತ್ತಿತ್ತು.

"ಇದು ಸ್ವಾಮಿ ಬುಟ್ಟಿ," ಎಂದಳು ಗೀತಾಂಜಲಿ. ಒಂದೊಂದು ಮಾತನ್ನೂ ನೋಡಿ ಇಡುವಂತೆ ಆಡಿದಳು. "ತುಂಬೋ ಮಟ ಅವ್ರು ಬಾಯಿ ಬಿಡಂಗಿಲ್ಲ. ಬಟ್ಟಿ ಬಿಚ್ಚಸ್ತೀವಂದ್ರ ಬಿಚ್ಚಸ್ರಿ. ಹೂವು ಮೈಲಿಗಿ ಆದ್ರ ಸ್ವಾಮಿಗಿ ನೀವ ಹೇಳ್ಕೊಳ್ರಿ."

ಟಾರ್ಚು ಹಿಡಿದ ಕೈಗಳು ಇಳಿದವು. ಹಿಂದೆ ನಿಂತಿದ್ದವನ ಮುಖ ಆಗ ಕಾಣಿಸಿತು. ಭೀಮರಾಜ. ಬಸವೇಶನ ಚಿಕ್ಕಪ್ಪನ ಮಗ. ಪ್ರತಿ ಸೋಮವಾರ ಆ ಬುಟ್ಟಿಯನ್ನು ಬೈಕಿಗೆ ಕಟ್ಟಿಕೊಂಡು ಉಜ್ಜಿನಿಗೆ ಒಯ್ಯುವವನು ಅವನೇ.

"ಹೌದೇನು ಭೀಮಣ್ಣಾ?" ಮುಂದಿದ್ದವನು ತಿರುಗಿ ಕೇಳಿದ.

ಭೀಮರಾಜ ಬುಟ್ಟಿಯನ್ನು ನೋಡಿದ. ರೋಜಿನಾಳ ಕೈಯನ್ನು ನೋಡಿದ.

"ಮಡಿ ಹೂವು," ಎಂದ. "ಟಾರ್ಚ್ ಆರ್ಸ್ರಲೇ. ನಡೀರಿ."

ಉಳಿದಿಬ್ಬರು ಬೇಲಿ ದಾಟಿದ ಮೇಲೆ ಅವನು ಒಬ್ಬನೇ ಹಿಂದಕ್ಕೆ ಬಂದ.

"ಅತ್ತಿಗಿ, ಇವತ್ತು ಯಾವ ವಾರ?"

ಅವಳು ಬಗ್ಗಿ ನೆಲಕ್ಕೆ ಬಿದ್ದ ಮೊಗ್ಗು ಆರಿಸತೊಡಗಿದಳು.

"ಸೋಮವಾರ ಬರ್ತೀನಿ, ಬುಟ್ಟಿ ಒಯ್ಯಾಕ. ಅಷ್ಟ್ರಾಗ ಏನು ಮಾಡ್ಬೇಕೋ ಮಾಡ್ಕೊಳ್ರಿ."

ಅದು ಬೆದರಿಕೆಯೋ ಕನಿಕರವೋ ಕತ್ತಲಲ್ಲಿ ಅವಳಿಗೆ ತಿಳಿಯಲಿಲ್ಲ.

ಬೆಳಗಾದ ಮೇಲೆ ಬಸವೇಶನ ಫೋನ್ ಬಂತು. "ಹೂವು ಹೆಂಗ ಬಂದಾವ? ರಾತ್ರಿ ಏನೂ ತ್ರಾಸ ಆಗ್ಲಿಲ್ಲಲ್ಲ?"

ಗೀತಾಂಜಲಿ ಬಾಯಿ ತೆರೆದಳು. ಬಸವೇಶ್ ಒಳ್ಳೆಯವನೇ. ಆದರೆ ಆ ಚಹದಂಗಡಿಯ ಬೆಂಚಿನ ಮೇಲೆ ಅವನಿಗೂ ಒಂದು ಜಾಗ ಇತ್ತು. ಅವನಿಗಾಗಲಿ, ತವರಿಗಾಗಲಿ, ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಅವಳು ಆ ಗಳಿಗೆಯಲ್ಲೇ ನಿಶ್ಚಯಿಸಿದಳು.

"ಏನೂ ಇಲ್ರಿ. ಬಸ್ಸಿಗಿ ಹಾಕಿ ಬಂದ್ವಿ."

ಫೋನ್ ಇಟ್ಟು ತಿರುಗಿದಳು. ಮೋಟರ್ ಮನೆಯ ಹೊಸ್ತಿಲ ಮೇಲೆ ರೋಜಿನಾ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. ಬುಟ್ಟಿ ಹೋಗಿ ಎಷ್ಟೋ ಹೊತ್ತಾಗಿತ್ತು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಅವಳಿನ್ನೂ ಬಿಚ್ಚಿರಲಿಲ್ಲ. ಬಿಚ್ಚೆಂದು ಗೀತಾಂಜಲಿ ಹೇಳಲೂ ಇಲ್ಲ.