‘ಬರ್ತೀನಿ’ ಅನ್ನಬಾರದ ನಲವತ್ತು ದಿನ

ಕಾವಲಿಯ ಮೇಲೆ ಮೊದಲ ದೋಸೆ ಹುಯ್ಯುತ್ತಿದ್ದೆ. ವೀಸಾ ಕಚೇರಿಯವರು ಗೋಡೆಗೆ ಅಂಟಿಸಿ ಹೋಗಿದ್ದ ಕಿವಿ ಕೆಂಪಗಾಗಿ, “ಹಿಂದಿರುಗುವ ಉದ್ದೇಶ ದಾಖಲಾಗಿದೆ” ಎಂದಿತು.

ಸೌಟು ಹಿಡಿದೇ ಬಾಗಿಲಿಗೆ ಓಡಿದೆ. ಹಾಲಿನ ನಂಜಪ್ಪ ಆಗಷ್ಟೇ “ಬರ್ತೀನಕ್ಕಾ” ಎಂದು ಹೊರಟಿದ್ದ.

“ಅಯ್ಯೋ ನಂಜಪ್ಪ, ‘ಹೋಗ್ತೀನಿ’ ಅನ್ನು ಅಂತ ಎಷ್ಟು ಸಲ ಹೇಳಿದೀನಿ!”

“ಬೆಳಬೆಳಗ್ಗೆ ಅಂಥ ಅಪಶಕುನ ಯಾರಾದ್ರೂ ನುಡೀತಾರೇನಕ್ಕಾ? ನನ್ನ ಬಾಯಿಗೆ ಬರಲ್ಲ” ಎಂದು ನಕ್ಕ.

ತೇಲುನಾಡೆಂಬ ಪರದೇಶದಲ್ಲಿ ಬಹುಕಾಲ ನೆಲೆಸುವ ವೀಸಾ ಬೇಕಿದ್ದರೆ ಮನೆಗೆ ಮರಳುವ ಆಸೆ ಇರಬಾರದು. ಅದಕ್ಕಾಗಿ ನಲವತ್ತು ದಿನ ಈ ಕಿವಿ ನಮ್ಮ ಮನೆಯ ಮಾತು ಕೇಳುತ್ತದೆ. ಯಾರ ಬಾಯಿಂದಲೇ ಆಗಲಿ, ಮೂರು ಸಲ ‘ಬರ್ತೀನಿ’ ಕೇಳಿಸಿದರೆ ಅರ್ಜಿ ರದ್ದು. ಮೊದಲನೆಯದು ನಾನೇ ಹಿಟ್ಟಿನ ಗಿರಣಿಗೆ ಹೊರಟಾಗ ಅಂದದ್ದು. ಇದು ಎರಡನೆಯದು. ಇವತ್ತು ಕೊನೆಯ ದಿನ. ಅಲ್ಲಿ ನನ್ನ ಮಗಳು ಚಿನ್ಮಯಿಯ ಅಪ್ಪ ಎರಡು ವರ್ಷದಿಂದ ನಮ್ಮ ದಾರಿ ಕಾಯುತ್ತಿದ್ದಾರೆ.

ಚಟ್ನಿಗೆ ತೆಂಗಿನಕಾಯಿ ಇರಲಿಲ್ಲ. ಒಲೆ ಆರಿಸಿ ಚೀಲ ತೆಗೆದುಕೊಂಡೆ. ಮಗಳ ಹಣೆಯ ಮೇಲಿನ ಕೂದಲು ಸರಿಸಿ, “ಅಂಗಡಿಗೆ ಹೋಗ್ತೀನಿ ಪುಟ್ಟಾ” ಎಂದೆ.

ಐದು ವರ್ಷದ ಚಿನ್ಮಯಿ ಇಷ್ಟು ದಿನವೂ ಈ ಮಾತು ಕೇಳಿದೊಡನೆ ಸುಮ್ಮನೆ ಹೊಸ್ತಿಲವರೆಗೆ ಬಂದು, ನಾನು ಮನೆಗೆ ಮರಳುವವರೆಗೂ ಅಲ್ಲೇ ಕೂರುತ್ತಿದ್ದಳು. ಪಕ್ಕದ ಮನೆಯ ಮಕ್ಕಳು ಆಡಲು ಕರೆದರೂ ಏಳುತ್ತಿರಲಿಲ್ಲವಂತೆ. ಇವತ್ತು ನನ್ನ ಸೆರಗು ಹಿಡಿದಳು. ಗೋಡೆಯ ಕಿವಿಯನ್ನೊಮ್ಮೆ ನೋಡಿದಳು. ಆಮೇಲೆ ಗಟ್ಟಿಯಾಗಿಯೇ ಕೇಳಿದಳು:

“ಅಮ್ಮಾ, ಬರ್ತೀಯ ತಾನೇ?”