ಮುಂಚೆಯೇ ಬರೆದಿಟ್ಟ ನಿಧನವಾರ್ತೆ

ಸಾರ್ವಜನಿಕ ಸಂಪರ್ಕ ಓದುತ್ತಿದ್ದ ಪಾವನಾ, ಬಸ್ ಕಂಪನಿಯೊಂದಕ್ಕೆ ತರಬೇತಿಗೆ ಬಂದಿದ್ದಳು. ಕಂಪನಿಯ ಯಜಮಾನರು ಹಾಸಿಗೆ ಹಿಡಿದಿದ್ದರು. ಏನಾದರೂ ಆದರೆ ಪತ್ರಿಕೆಗಳಿಗೆ ಕೊಡಲು ಇರಲಿ ಎಂದು ಅವರ ನಿಧನವಾರ್ತೆಯನ್ನು ಮೊದಲೇ ಬರೆದಿಟ್ಟಳು. ಕಚೇರಿ ನೋಡಿಕೊಳ್ಳುತ್ತಿದ್ದ ಅವರ ಮಗನ ಮೇಜಿನಿಂದ ಅದು ಯಜಮಾನರ ಕೈಗೇ ಸೇರಿ, ಅವಳಿಗೆ ಕರೆ ಬಂತು. ತನ್ನ ತರಬೇತಿ ಇಲ್ಲಿಗೆ ಮುಗಿಯಿತೆಂದುಕೊಂಡೇ ಅವಳು ಮಂಚದ ಬಳಿ ನಿಂತಳು.

"ನಾನಿನ್ನೂ ಉಸಿರಾಡ್ತಿದ್ದೀನಲ್ಲಮ್ಮ?"

"ತಪ್ಪಾಯ್ತು ಸರ್. ತಯಾರಿ ಇರಲಿ ಅಂತ..."

"ಯಾರನ್ನ ಕೇಳಿ ಬರೆದೆ?"

"ಅಮ್ಮಾವ್ರನ್ನ, ಮಕ್ಕಳನ್ನ, ಹಳೇ ಡ್ರೈವರ್‌ಗಳನ್ನ. ಯಾರನ್ನೂ ಬಿಟ್ಟಿಲ್ಲ ಸರ್."

ಅವರು ಬಾಗಿಲು ಹಾಕಿಸಿ ದನಿ ತಗ್ಗಿಸಿದರು.

"ಈ ತಯಾರಿ ಸಾಲದು. ನಾನು ಸತ್ತ ದಿನ ಹಾಸನದಿಂದ ಇನ್ನೊಬ್ಬ ಹೆಂಡತಿ ಮಕ್ಕಳ ಸಮೇತ ಬರ್ತಾಳೆ. ಪತ್ರಿಕೆಯವರಿಗೆ ಏನು ಹೇಳ್ತೀಯ, ಅದನ್ನೂ ಬರೆದಿಡು."