ಎತ್ಲಾಗೆ ನೋಡ್ತಾವಳೆ?

"ಕೂಸಿನ ಕಣ್ಣು ಸರಿ ಮಾಡೋದು ಬ್ಯಾಡ ಸಾ. ಅದು ಅಂಗೇ ಇರ್ಲಿ ಬುಡಿ," ಎಂದರು ರುದ್ರಸ್ವಾಮಿ.

ಕೊಯಮತ್ತೂರಿನಿಂದ ಕೊಳ್ಳೇಗಾಲದ ಆಸ್ಪತ್ರೆಗೆ ವರ್ಗವಾಗಿ ಬಂದಿದ್ದ ಡಾಕ್ಟರು, ತಮಗೆ ಕನ್ನಡ ಸರಿಯಾಗಿ ತಿಳಿಯಲಿಲ್ಲವೇನೋ ಎಂದುಕೊಂಡು ಕಾಂಪೌಂಡರನ ಮುಖ ನೋಡಿದರು. ಸೊಸೆ ಶಂಕರಮ್ಮನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವಳಿಗೂ ತಿಳಿಯಲಿಲ್ಲ. ಎಂಟು ವರ್ಷದ ಮಗಳು ರತ್ನಿಯ ಮೆಳ್ಳೆಗಣ್ಣು ತೋರಿಸೋಣವೆಂದು ಹನೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದರೆ, ಜೊತೆಗೆ ಬಂದ ಮಾವ ಹೀಗನ್ನುವುದೇ?

ಮಾವನಿಗೆ ಕಾರಣವಿತ್ತು, ಹೇಳುವಂಥದ್ದಲ್ಲ ಅಷ್ಟೆ. ಹಣೆ ತುಂಬ ವಿಭೂತಿ, ಕೈ ತುಂಬ ಇಸ್ಪೀಟು, ಇದು ರುದ್ರಸ್ವಾಮಿಯವರ ದಿನಚರಿ. ಮಧ್ಯಾಹ್ನವಾದರೆ ಅವರ ಮನೆ ಜಗಲಿಯ ಮೇಲೆ ಆಟ. ಸೋತವರು ಗೆದ್ದವರಿಗೆ ಹೋಟೆಲಿನಿಂದ ಬೋಂಡ ತರಿಸಬೇಕು. ಎದುರಾಳಿ ಜವಳಿ ಅಂಗಡಿ ಪುಟ್ಟಬಸಪ್ಪನ ಪಕ್ಕದಲ್ಲಿ ರತ್ನಿ ಕೂರುತ್ತಿದ್ದಳು. ನೋಡಿದವರಿಗೆ ಅವಳು ಬೇವಿನ ಮರದ ಕಾಗೆ ನೋಡುವಂತೆ ಕಾಣಬೇಕು, ಆದರೆ ಅವಳು ನೋಡುತ್ತಿದ್ದದ್ದು ಪುಟ್ಟಬಸಪ್ಪನ ಎಲೆಗಳನ್ನು. ಮೂಗು ಕೆರೆದರೆ ರಾಜ, ಕಿವಿ ಮುಟ್ಟಿದರೆ ಗುಲಾಮ. ಒಂದು ವರ್ಷದಿಂದ ತಾತ ಒಂದು ಬೋಂಡಕ್ಕೂ ಕಾಸು ಬಿಚ್ಚಿರಲಿಲ್ಲ. ಗೆದ್ದದ್ದರಲ್ಲಿ ಅರ್ಧ ಮೊಮ್ಮಗಳಿಗೆ. ಅದರಲ್ಲಿ ಮಾತ್ರ ಮೋಸವಿರಲಿಲ್ಲ.

"ಪೆರಿಯವರೇ, ಒಂದು ಕಣ್ಣು ಕೆಲಸ ಮಾಡುತ್ತೆ, ಇನ್ನೊಂದು ಸೋಂಬೇರಿ," ಎಂದರು ಡಾಕ್ಟರು. "ಸೋಂಬೇರಿ ಅಂದ್ರೆ ಗೊತ್ತಾ?"

"ಗೊತ್ತು ಸಾ. ನಮ್ಮನೇಲಿ ಮಗ ಅವ್ನೆ."

"ಹಾಗೇ ಬಿಟ್ಟರೆ ಅದು ಪೂರ್ತಿ ಮಲಗಿಬಿಡುತ್ತೆ. ಆಮೇಲೆ ಎಬ್ಬಿಸೋಕೆ ನನ್ನ ಕೈಲೂ ಆಗಲ್ಲ." ಒಳ್ಳೆಯ ಕಣ್ಣಿಗೆ ಬಟ್ಟೆ ಕಟ್ಟಬೇಕು. ಮುಖದ ಮುಂದೆ ಏನಾದರೂ ಹಿಡಿದು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಆಡಿಸಿ, ಕೊನೆಗೆ ಮೂಗಿನ ಹತ್ತಿರ ತರಬೇಕು. ತಲೆ ಅಲ್ಲಾಡಬಾರದು, ಸೋಂಬೇರಿ ಕಣ್ಣು ಮಾತ್ರ ಹಿಂದೆ ಹಿಂದೆ ಓಡಬೇಕು. ದಿನಾ ಮಾಡಬೇಕು, ತಿಂಗಳುಗಟ್ಟಲೆ.

"ಗಾಣದೆತ್ತಿಗೆ ಕಟ್ದಂಗೆ ಕೂಸಿಗೆ ಕಟ್ಟಬೇಕಂತೆ," ಎಂದು ಬಸ್ಸಿನುದ್ದಕ್ಕೂ ಗೊಣಗಿದ ರುದ್ರಸ್ವಾಮಿ, ಮನೆಗೆ ಬಂದವರೇ ಡಾಕ್ಟರ ಮಾತಿನ ಸುಳ್ಳು ಬಯಲಿಗೆಳೆಯಲು ಕೂತರು. ಸೊಸೆ ಒಳಗೆ ಹೋದ ಮೇಲೆ ರತ್ನಿಯ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ ಒಂದು ಎಲೆ ಎತ್ತಿ ಹಿಡಿದರು.

"ಯಾವ್ದು ಯೋಳು ಮಗ?"

"ಕಾಣಕ್ಕಿಲ್ಲ ತಾತ."

"ಈಗ?"

"ಕೆಂಪಗೆ ಏನೋ ಅದೆ. ಎಲೆ ಅಂಗಿರ್ಲಿ, ನಿನ್ ಮೀಸೇನೇ ಕಾಣಕ್ಕಿಲ್ಲ."

ಹನೂರಿನ ಸಂತೆಯಲ್ಲಿ ಈ ಕೊನೆಯಿಂದ ಆ ಕೊನೆಗೆ ಕಾಣುವ ಮೀಸೆ ಅದು. ರುದ್ರಸ್ವಾಮಿ ಕೈ ತೆಗೆದರು. ಕೂಸಿನ ಕಣ್ಣು ಅಡವಿಟ್ಟು ಬೋಂಡ ತಿನ್ನುತ್ತಿದ್ದೆನಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಮಾರನೆಯ ದಿನದಿಂದ ಅವರೇ ಬಟ್ಟೆ ಕಟ್ಟಿದರು, ಅವರೇ ಆಡಿಸಿದರು. ಕೈಯಲ್ಲಿ ಇನ್ನೇನು ಇದ್ದೀತು, ಇಸ್ಪೀಟಿನ ಗುಲಾಮ. "ತಲೆ ಅಲ್ಲಾಡುಸ್ಬ್ಯಾಡ. ಗುಲಾಮ ಕೊಳ್ಳೇಗಾಲಕ್ಕೋದ. ಈಗ ಪಾಲಾರ್‌ಗೆ ಬಂದ. ಮಾದಪ್ಪನ ಬೆಟ್ಟ ಅತ್ತುದ, ಇಳುದ. ನಿನ್ ಮೂಗಿಗೇ ಬಂದ, ನೋಡು, ನೋಡು!" ಜಗಲಿಯ ಮೇಲೆ ಸೋಲಿನ ಮೇಲೆ ಸೋಲು. ಬೋಂಡ ತಿಂದು ತಿಂದು ಪುಟ್ಟಬಸಪ್ಪನ ಅಂಗಿಯ ಗುಂಡಿ ಹಾಕಲು ಬಾರದಂತಾಯಿತು.

ಶಂಕರಮ್ಮ ಮಾತ್ರ ಕಂಡವರನ್ನೆಲ್ಲ ಕೇಳುತ್ತಿದ್ದಳು: "ನೋಡ್ರವ್ವ, ಕಣ್ಣು ನೆಟ್ಟಗಾಯ್ತಾ?" "ಈಗೆಷ್ಟೋ ವಾಸಿ ಕಣವ್ವ," ಎನ್ನುತ್ತಿದ್ದರು ನೆರೆಯವರು. ಬಟ್ಟೆ ಕಟ್ಟುವ ಮುಂಚೆಯೂ ಅವರು ಹಾಗೇ ಅನ್ನುತ್ತಿದ್ದರು. ದಿನಾ ನೋಡುವ ತನ್ನ ಕಣ್ಣನ್ನೂ ಅವಳಿಗೆ ನಂಬಲಾಗುತ್ತಿರಲಿಲ್ಲ. ಬಟ್ಟೆ ಸಾಕು ಎಂದು ಡಾಕ್ಟರು ಹೇಳಿದ ದಿನವೂ ಅವಳ ಅಳುಕು ಹೋಗಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ಬಟ್ಟೆ ಬಿಚ್ಚಿದ ಮರುದಿನವೇ ರುದ್ರಸ್ವಾಮಿ ಮೊಮ್ಮಗಳನ್ನು ಹಳೆಯ ಜಾಗದಲ್ಲಿ ಕೂರಿಸಿದರು. ಎಲೆ ಹಂಚಿದ್ದಾಯಿತು. ರತ್ನಿ ಮೂಗು ಕೆರೆದಳು. ಪುಟ್ಟಬಸಪ್ಪ ಎಲೆಗಳನ್ನು ಎದೆಗವುಚಿಕೊಂಡು ಎದ್ದೇಬಿಟ್ಟ.

"ರುದ್ರಸ್ವಾಮಿ! ನಿನ್ ಮೊಮ್ಮಗಳು ನನ್ನೆಲೆ ನೋಡ್ತಾವಳೆ ಕಣಯ್ಯ!"

"ಏ, ಅವ್ಳು ಕಾಗೆ ನೋಡ್ತಾವಳೆ."

"ಯಾವ ಕಾಗೆ? ಎಲ್ಡು ಕಣ್ಣೂ ನನ್ ಕೈಮ್ಯಾಲೇ ನೆಟ್ಟವಳೆ! ಓ, ಈಗ್ ಗೊತ್ತಾಯ್ತು. ವರ್ಸೆಲ್ಲಾ ತಿಂದಿದ್ ಬೋಂಡ ಕಕ್ಕು!"

ಗಲಾಟೆ ಕೇಳಿ ಶಂಕರಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಮಾನ ಹೋಯಿತೆಂದು ರುದ್ರಸ್ವಾಮಿ ತಲೆ ತಗ್ಗಿಸಿದರು. ಅವಳು ಮಾವನ ಕಡೆ ತಿರುಗಿಯೂ ನೋಡಲಿಲ್ಲ.

"ಅಣ್ಣ, ಏನಂದ್ರಿ?"

"ನಿನ್ ಮಗ್ಳು ಕಳ್ಳಿ ಅಂದೆ! ನನ್ನೆಲೆ ನೋಡ್ತಾವ್ಳೆ ಅಂದೆ!"

"ಅವ್ಳು ನೋಡ್ತಿರೋದು ಎಲೇನೇ ಅಂತ ಕಂಡ್ಬುಡ್ತಾ ನಿಮ್ಗೆ?"

"ಕಾಣ್ದೆ ಏನವ್ವ, ನಾನೇನ್ ಕುರುಡನಾ?"

ಶಂಕರಮ್ಮನ ಕಣ್ಣು ತುಂಬಿ ಬಂತು. ಹಿಟ್ಟಿನ ಕೈಯಲ್ಲೇ ಒರೆಸಿಕೊಂಡಳು.

"ಕುಂತ್ಕಳಿ ಅಣ್ಣ. ವರ್ಸದ್ ಬೋಂಡನೂ ನಾನೇ ಕರ್ದು ಆಕ್ತೀನಿ. ಬೀದಿಗೆಲ್ಲಾ ಕೇಳಂಗೆ ಇನ್ನೊಂದ್ಸಲಿ ಯೋಳಿ, ನನ್ ಮಗ್ಳು ಎತ್ಲಾಗೆ ನೋಡ್ತಾವಳೆ?"